ಮುಳ್ಳು ಇಳಿಯಿತೆಂದು ನಂಬಿದೆ

ರೇಡಿಯೇಟರ್ ಹಾಳಾದರೆ ಹೊಸದು ಹಾಕಿಸಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಹಳೆಯದು ಯಾಕೆ ಹಾಳಾಯಿತು ಎಂದು ಅದಕ್ಕೂ ಮೊದಲು ಕೇಳಬೇಕು ಅನ್ನುವುದು ನನಗೆ ಗೊತ್ತಾದದ್ದು ಎಂಜಿನ್ನಿನ ಹೆಡ್ ಬಿಚ್ಚಿದ ಮೇಲೆ.

ನಮ್ಮದು ಕೋಲಾರದ ಕಡೆ. ನಮ್ಮ ಬೀದಿಯ ನಲ್ಲಿಯಲ್ಲಿ ಬರುವುದೂ ಬೋರ್ ನೀರೇ, ಟ್ಯಾಂಕರ್‌ನಲ್ಲಿ ಬರುವುದೂ ಬೋರ್ ನೀರೇ. ಬಚ್ಚಲಮನೆಯ ಹೀಟರ್ ಕಾಯಿಲ್ ಮೇಲೆ ಸುಣ್ಣ ಗಟ್ಟಿಯಾಗಿ ಕಟ್ಟುತ್ತದೆ. ಅದನ್ನು ಚಾಕುವಿನಲ್ಲಿ ಕೆರೆಯುವ ಕೆಲಸ ಮನೆಯಲ್ಲಿ ನನ್ನದೇ. ಆದರೂ ಅದೇ ನೀರನ್ನು ವರ್ಷಗಟ್ಟಲೆ ಕಾರಿಗೆ ಸುರಿದೆ. ರಿಸರ್ವ್ ಬಾಟಲಿಯಲ್ಲಿ ಮಟ್ಟ ಇಳಿಯಿತೇ, ಒಂದು ಚೊಂಬು ನೀರು. ಕೊನೆಗೆ ರೇಡಿಯೇಟರ್‌ನ ಅಲ್ಯೂಮಿನಿಯಂ ಕೋರಿಗೆ ಪ್ಲಾಸ್ಟಿಕ್ ಟ್ಯಾಂಕ್ ಕೂಡುವ ಅಂಚಿನಲ್ಲಿ ಜಿನುಗತೊಡಗಿತು. ಯಾರೋ ಹೇಳಿದರೆಂದು ಅರಿಶಿನ ಪುಡಿ ಹಾಕಿದೆ. ಡ್ರೈವರ್‌ಗಳ ಹಳೆಯ ಉಪಾಯ ಅದು. ನಡುದಾರಿಯಲ್ಲಿ ಕೈಕೊಟ್ಟ ಗಾಡಿಯನ್ನು ಊರು ಮುಟ್ಟಿಸಲು ಆದೀತು. ಆದರೆ ಸೋರುವ ಬಿರುಕು ಯಾವುದು, ನೀರು ಹರಿಯಬೇಕಾದ ಸಣ್ಣ ಕೊಳವೆ ಯಾವುದು ಎಂದು ಆ ಪುಡಿಗೆ ತಿಳಿಯುವುದಿಲ್ಲ, ಎರಡನ್ನೂ ಕಟ್ಟುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಅಂಗಡಿಯವರು ಕೇಳಬೇಕಾದ್ದನ್ನೆಲ್ಲ ಕೇಳಿದರು. "ಯಾವ ವರ್ಷದ ಗಾಡಿ ಸಾರ್? ಎಸಿ ಇದ್ಯಾ? ಹಳೇದು ತಂದಿದ್ದೀರಾ?" ಹಳೆಯದನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಕೌಂಟರ್ ಮೇಲೆ ಎರಡು ಇಟ್ಟರು. ಉದ್ದ ಅಗಲ ಒಂದೇ, ಹೋಸ್ ಕೂಡುವ ಬಾಯಿಗಳೂ ಒಂದೇ ಕಡೆ. ಒಂದರ ಕೋರ್ 26 ಮಿ.ಮೀ. ದಪ್ಪ, ಇನ್ನೊಂದರದ್ದು 16. "ಇದು ನಾನ್ ಎಸಿ ಗಾಡೀದು. ನಿಮ್ಮದಕ್ಕೂ ಕೂರುತ್ತೆ, ಆದ್ರೆ..." ಅಂದರು. ಅವರ ಮಾತು ಮುಗಿಯುವ ಮೊದಲೇ ನಾನು ಬೆಲೆ ಕೇಳಿಯಾಗಿತ್ತು. ತೆಳುವಿನದು ಅಗ್ಗ, ಅದನ್ನೇ ಕಟ್ಟಿಸಿಕೊಂಡೆ.

ಅವರು ಹೇಳಲು ಹೊರಟಿದ್ದೇನು ಅನ್ನುವುದು ಈಗ ಗೊತ್ತು. ಎಸಿ ಇರುವ ಕಾರಿನಲ್ಲಿ ಕಂಡೆನ್ಸರ್ ರೇಡಿಯೇಟರ್‌ನ ಮುಂದೆಯೇ ಇರುತ್ತದೆ. ಒಳಗೆ ನುಗ್ಗುವ ಗಾಳಿ ಮೊದಲು ಅದರ ಬಿಸಿಯನ್ನು ಹೊತ್ತು, ಆಮೇಲೆ ರೇಡಿಯೇಟರ್‌ಗೆ ಬರುತ್ತದೆ. ಮೊದಲೇ ಬಿಸಿಯಾದ ಗಾಳಿಯಿಂದ ಎಂಜಿನ್ ತಣಿಸಬೇಕೆಂದರೆ ಕೋರ್ ಹೆಚ್ಚು ಬೇಕು. ಬಯಲು ದಾರಿಯಲ್ಲಿ ಎಂಬತ್ತರ ವೇಗದಲ್ಲಿ ಹೋಗುವಾಗ ಈ ಕೊರತೆ ಕಾಣುವುದೇ ಇಲ್ಲ. ಹಾಗಾಗಿ ನನ್ನ ಆಯ್ಕೆ ಸರಿ ಎಂದುಕೊಂಡೇ ತಿಂಗಳುಗಟ್ಟಲೆ ಓಡಾಡಿದೆ.

ಕೂಲಂಟ್ ವಿಷಯದಲ್ಲಿ ಮಾಡಿದ್ದು ಇನ್ನೂ ಕೆಟ್ಟದ್ದು. "ಹಸಿರು ಬಣ್ಣದ್ದು ಕೊಡಿ, ಮೊದಲೂ ಅದೇ ಇತ್ತು" ಅಂದೆ. ಕ್ಯಾನಿನ ಮೇಲೆ ಹಾಗೇ ಹಾಕಿ, ನೀರು ಬೆರೆಸಬೇಡಿ ಎಂದು ಸ್ಪಷ್ಟವಾಗಿ ಬರೆದಿತ್ತು. ಅದು ಮೊದಲೇ ಬೆರೆಸಿ ತಯಾರಿಸಿದ್ದು. ನಾನು ಓದಲಿಲ್ಲ. ಮನೆಗೆ ಬಂದು ಅರ್ಧಕ್ಕರ್ಧ ಬೋರ್ ನೀರು ಸೇರಿಸಿದೆ. ಎಂಜಿನ್ ಬ್ಲಾಕಿನೊಳಗೆ ಉಳಿದಿದ್ದ ತುಕ್ಕು ನೀರನ್ನು ಹರಿಸಿ ತೊಳೆಯಲಿಲ್ಲ. ಹೊಸ ರೇಡಿಯೇಟರ್‌ಗೆ ಹಳೆಯ ಮುಚ್ಚಳವನ್ನೇ ತಿರುಗಿಸಿದೆ. ಅದರ ರಬ್ಬರ್ ಸೀಳಿದ್ದು ಕಣ್ಣಿಗೆ ಬಿದ್ದರೂ ಮುಚ್ಚಳ ತಾನೇ ಎಂದು ಬಿಟ್ಟೆ.

ಮೇ ತಿಂಗಳಲ್ಲಿ ಅಮ್ಮನನ್ನೂ ತಂಗಿಯ ಸಂಸಾರವನ್ನೂ ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೋಗಿ, ವಾಪಸ್ಸು ಚಾರ್ಮಾಡಿ ಘಾಟಿ ಹತ್ತಿದೆ. ಕಾರಿನ ತುಂಬ ಜನ, ಎಸಿ ಚಾಲೂ, ಮುಂದೊಂದು ಲಾರಿ, ಸೆಕೆಂಡ್ ಗೇರ್. ಟೆಂಪರೇಚರ್ ಮುಳ್ಳು ನಡುಗೆರೆ ದಾಟಿ ಮೇಲೇರಿತು. ಎಸಿ ಆರಿಸಿದೆ. ಇನ್ನೂ ಏರಿತು. ನಿಲ್ಲಿಸಲು ಜಾಗ ಹುಡುಕುತ್ತಿರುವಾಗಲೇ ಅದು ಇದ್ದಕ್ಕಿದ್ದ ಹಾಗೆ ಸರ್ರನೆ ಇಳಿಯಿತು. "ಇಳೀತಮ್ಮಾ, ಸರಿಹೋಯ್ತು" ಅಂದು ಹಾಗೇ ಹತ್ತಿಸಿದೆ.

ಆ ಇಳಿತವೇ ಅಪಾಯದ ಗುರುತಾಗಿತ್ತು. ಮುಳ್ಳಿಗೆ ಸುದ್ದಿ ಮುಟ್ಟಿಸುವ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಲೆಕ್ಕ ಕೊಡುತ್ತದೆ. ಸೀಳಿದ ಮುಚ್ಚಳದಿಂದ ಕೂಲಂಟ್ ಕುದಿದು ಹೊರಗೆ ಹೋಗಿತ್ತು. ಸೆನ್ಸರ್ ಖಾಲಿ ಜಾಗದಲ್ಲಿ ಉಳಿದು ತಪ್ಪು ಲೆಕ್ಕ ಕೊಟ್ಟಿತು. ಎಂಜಿನ್ ಸುಡುತ್ತಿದ್ದಾಗ ನಾನು ಸಮಾಧಾನದಿಂದ ಆಕ್ಸಿಲರೇಟರ್ ಒತ್ತುತ್ತಿದ್ದೆ. ಮುಂದಿನ ತಿರುವುಗಳಲ್ಲಿ ಎಂಜಿನ್ ಟಕಟಕ ಬಡಿಯಿತು, ಎಳೆತ ಸತ್ತಿತು, ಬಾನೆಟ್ ಸಂದಿಯಿಂದ ಹಬೆ ಎದ್ದಿತು. ಒಂದು ಕಡೆ ಕಣಿವೆ, ಇನ್ನೊಂದು ಕಡೆ ಬಂಡೆ. ಅಂಥ ಜಾಗದಲ್ಲಿ ಅಮ್ಮ, ಮಕ್ಕಳನ್ನು ರಸ್ತೆಯಂಚಿಗೆ ಇಳಿಸಿ ನಿಂತದ್ದನ್ನು ನೆನೆದರೆ ಈಗಲೂ ಎದೆ ಹಿಂಡುತ್ತದೆ. "ಇಳೀತು ಅಂದ್ಯಲ್ಲಪ್ಪಾ" ಎಂದಷ್ಟೇ ಅಮ್ಮ ಕೇಳಿದರು. ಅವರನ್ನು ಬಸ್ಸು ಹತ್ತಿಸಿ, ಕಾರನ್ನು ಕೊಟ್ಟಿಗೆಹಾರದ ಮೂಲಕ ಮೂಡಿಗೆರೆಗೆ ಎಳೆಸಿದೆ.

ಅಲ್ಲಿನ ಮೆಕ್ಯಾನಿಕ್ ಡಿಪ್‌ಸ್ಟಿಕ್ ಎಳೆದು ತೋರಿಸಿದರು. ಎಂಜಿನ್ ಆಯಿಲ್ ಹಾಲು ಬೆರೆಸಿದಂತೆ ಬೆಳ್ಳಗಾಗಿತ್ತು. ಹೆಡ್ ಗ್ಯಾಸ್ಕೆಟ್ ಹೋಗಿ ನೀರೂ ಆಯಿಲೂ ಕೂಡಿದ್ದವು. ಹೆಡ್ ಇಳಿಸಿ, ಅದರ ಮೇಲೆ ಉಕ್ಕಿನ ನೇರ ಪಟ್ಟಿ ಇಟ್ಟು, ಸಂದಿಯಲ್ಲಿ ಫೀಲರ್ ಗೇಜ್ ತೂರಿಸಿದರು. ಅನೇಕ ಸಣ್ಣ ಎಂಜಿನ್‌ಗಳಲ್ಲಿ 0.05 ಮಿ.ಮೀ. ಮೀರಿ ಸೊಟ್ಟಗಾಗಬಾರದು. 0.15ರ ಎಲೆ ಸಲೀಸಾಗಿ ಒಳಗೆ ಹೋಯಿತು. ಲೇತಿನಲ್ಲಿ ಹೆಡ್ ಫೇಸಿಂಗ್ ಮಾಡಿಸಬೇಕಾಯಿತು. ಆಮೇಲೆ ಅವರು ನೀರು ಹರಿಯುವ ದಾರಿಯೊಳಗೆ ಸ್ಕ್ರೂಡ್ರೈವರ್ ತುದಿ ಹಾಕಿ ಎಳೆದರು. ಬಿಳಿ ಚಕ್ಕೆಗಳು ಉದುರಿದವು. ನಮ್ಮ ಹೀಟರ್ ಕಾಯಿಲ್‌ನಿಂದ ನಾನು ಕೆರೆಯುತ್ತಿದ್ದ ಅದೇ ಸುಣ್ಣ, ಸ್ವಲ್ಪ ಅರಿಶಿನವೂ ಅಂಟಿತ್ತು. ಅದೇ ಚಕ್ಕೆಗಳು ಹೋಗಿ ಹೊಸ ರೇಡಿಯೇಟರ್‌ನ ಕೊಳವೆಗಳಲ್ಲೂ ಸಿಕ್ಕಿಕೊಂಡಿದ್ದವು. ಹಳೆಯ ರೇಡಿಯೇಟರನ್ನು ಕೊಂದದ್ದನ್ನೇ ಹೊಸದಕ್ಕೂ ಕುಡಿಸಿದ್ದೆ.

ಆ ಗ್ಯಾರೇಜಿನ ಮೂಲೆಯ ಸ್ಟೂಲಿನಲ್ಲಿ ಕೂತು ಕಲಿತದ್ದೇ ಹೆಚ್ಚು. ಕೂಲಂಟ್ ಅಂದರೆ ಚಳಿ ದೇಶಕ್ಕೆ ಬೇಕಾದದ್ದು, ನಮಗೆ ನೀರೇ ಸಾಕು ಅಂದುಕೊಂಡಿದ್ದೆ. ಎಥಿಲಿನ್ ಗ್ಲೈಕಾಲ್ ಮತ್ತು ನೀರು ಸಮಪಾಲು ಇದ್ದರೆ ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ ಅನ್ನುವುದು ನಿಜ, ನಮಗೆ ಅದರ ಗೊಡವೆ ಇಲ್ಲ. ಆದರೆ ಅದೇ ಮಿಶ್ರಣ ಕುದಿಯುವುದು ಸುಮಾರು 108 ಡಿಗ್ರಿಗೆ. ಒಂದು ಬಾರ್‌ನಷ್ಟು ಒತ್ತಡ ಹಿಡಿಯುವ ಮುಚ್ಚಳವಿದ್ದರೆ 125 ದಾಟುತ್ತದೆ. ಮುಚ್ಚಳ ಒತ್ತಡ ಹಿಡಿಯದಿದ್ದರೆ ಎಂಥ ಕೂಲಂಟ್ ಇದ್ದರೂ ಬೇಗ ಕುದಿಯುತ್ತದೆ. ಮುಚ್ಚಳದ ಮೇಲೆ 0.9 ಅಥವಾ 1.1 ಎಂದು ಕೊರೆದ ಅಂಕಿ ಈ ಒತ್ತಡವೇ. ಗಾಡಿಗೆ ಹೇಳಿದ ಅಂಕಿಯದ್ದನ್ನೇ ಹಾಕಬೇಕು. ಹೆಚ್ಚಿನದು ಹಾಕಿದರೆ ಹಳೆಯ ಹೋಸ್‌ಗಳು ಸಿಡಿದಾವು.

ಇನ್ನು ಬಣ್ಣ. ಯಾವ ಬಣ್ಣಕ್ಕೆ ಯಾವ ರಸಾಯನ ಎಂದು ಎಲ್ಲ ಕಂಪನಿಗಳೂ ಒಪ್ಪಿದ ನಿಯಮವೇ ಇಲ್ಲ. ಹಳೆಯ ಕಾಲದ ಸಿಲಿಕೇಟ್ ಕೂಲಂಟೂ ಹಸಿರು, ಸಾವಯವ ಆಮ್ಲಗಳ ಹೊಸ ಬಗೆಯದೂ ಹಸಿರಾಗಿರಬಹುದು. ಮೊದಲನೆಯದು ಎರಡು ವರ್ಷದಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ, ಎರಡನೆಯದು ಐದು ವರ್ಷ ಬಾಳುತ್ತದೆ. ಎರಡನ್ನೂ ಬೆರೆಸಿದರೆ ಅಲ್ಯೂಮಿನಿಯಂ ಕಾಯುವ ಗುಣ ಕುಂದುತ್ತದೆ, ಕೆಲವೊಮ್ಮೆ ಗಸಿ ಕಟ್ಟುತ್ತದೆ. ಜಪಾನ್, ಕೊರಿಯಾ ಮೂಲದ ಕಾರುಗಳಿಗೆ ಸಾಮಾನ್ಯವಾಗಿ ಫಾಸ್ಫೇಟ್ ಇರುವ, ಸಿಲಿಕೇಟ್ ಇಲ್ಲದ ಕೂಲಂಟ್ ಹೇಳಿರುತ್ತಾರೆ. ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಫಾಸ್ಫೇಟ್ ಕೂಡಿದರೆ ಅದೂ ಗಟ್ಟಿ ಪದರವಾಗುತ್ತದೆ. ಹಾಗಾಗಿ ನಮ್ಮಂಥ ಬೋರ್ ನೀರಿನ ಊರಿನವರು ಬೆರೆಸಿಟ್ಟ ಕೂಲಂಟ್ ಕೊಳ್ಳುವುದೇ ಮೇಲು. ಗಟ್ಟಿ ಕೂಲಂಟ್ ತಂದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಬೆರೆಸಬೇಕು. ಈಗ ನಾನು ಕಾರಿನ ಕೈಪಿಡಿಯನ್ನು ಅಂಗಡಿಗೇ ಒಯ್ದು, ಕ್ಯಾನಿನ ಹಿಂಬದಿಯಲ್ಲಿ ಅದರಲ್ಲಿ ಹೇಳಿದ ಬಗೆ ಬರೆದಿದೆಯೇ, ಐಎಸ್ 5759, ಜೆಐಎಸ್ ಕೆ 2234, ಎಎಸ್‌ಟಿಎಂ ಡಿ3306ರಂಥ ಮಾನಕದ ಸಂಖ್ಯೆ ಇದೆಯೇ ನೋಡುತ್ತೇನೆ.

ರೇಡಿಯೇಟರನ್ನು ಎರಡನೇ ಸಲ ಕೊಳ್ಳುವಾಗ ಹಳೆಯದನ್ನೂ ಕೈಯಲ್ಲಿ ಹಿಡಿದು ಹೋದೆ. ಕೋರಿನ ದಪ್ಪ, ಫ್ಯಾನ್ ಸ್ವಿಚ್ ಕೂರುವ ಜಾಗ, ಕೆಳಗಿನ ರಬ್ಬರ್ ಬುಷ್‌ಗೆ ಇಳಿಯುವ ಗೂಟಗಳು, ಎಲ್ಲವನ್ನೂ ಪಕ್ಕಪಕ್ಕ ಇಟ್ಟು ಹೊಂದಿಸಿದೆ. ಆಟೊಮ್ಯಾಟಿಕ್ ಗೇರಿನ ಕಾರಾದರೆ ಗೇರ್ ಆಯಿಲ್ ತಣಿಸುವ ಪೈಪುಗಳಿಗೂ ಬಾಯಿ ಇರಬೇಕಾಗಬಹುದು. ಥರ್ಮೋಸ್ಟ್ಯಾಟ್ ವಾಲ್ವನ್ನೂ ಹೊಸದಾಗಿ ಹಾಕಿಸಿದೆ. "ಸೆಕೆಗಾಲ ಅಲ್ವಾ, ವಾಲ್ವ್ ತೆಗೆದೇ ಬಿಡೋಣ" ಅನ್ನುವವರು ಸಿಗುತ್ತಾರೆ. ಒಪ್ಪಬೇಡಿ. ಎಂಜಿನ್ ತನ್ನ ಹದದ ಬಿಸಿಗೆ ಬರದೆ ಡೀಸೆಲ್, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಕೂಲಂಟ್ ತುಂಬಿಸುವಾಗ ಕಾರಿನ ಹೀಟರ್ ಪೂರ್ತಿ ತೆರೆದು, ಎಂಜಿನ್ ಓಡಿಸುತ್ತ, ಗುಳ್ಳೆ ಏಳುವುದು ನಿಲ್ಲುವವರೆಗೂ ಕಾದೆವು. ಒಳಗೆ ಗಾಳಿ ಉಳಿದರೆ ಅಷ್ಟು ಜಾಗ ತಣಿಯುವುದೇ ಇಲ್ಲ.

ಬಸಿದ ಹಳೆಯ ಕೂಲಂಟನ್ನು ಮೊದಲೆಲ್ಲ ಚರಂಡಿಗೆ ಚೆಲ್ಲುತ್ತಿದ್ದೆ. ಗ್ಲೈಕಾಲ್ ಸಿಹಿ, ಬೀದಿ ನಾಯಿ ಬೆಕ್ಕುಗಳು ನೆಕ್ಕುತ್ತವೆ. ಸ್ವಲ್ಪ ಹೊಟ್ಟೆಗೆ ಹೋದರೂ ಕಿಡ್ನಿ ಕೆಟ್ಟು ಸಾಯುತ್ತವೆ. ಮಕ್ಕಳಿಗೂ ಅದು ವಿಷವೇ. ಈಗ ಖಾಲಿಯಾದ ಕೂಲಂಟ್ ಕ್ಯಾನಿಗೇ ತುಂಬಿ, ಮುಚ್ಚಳ ಬಿಗಿದು, ಮೇಲೆ ವಿಷ ಎಂದು ದೊಡ್ಡದಾಗಿ ಬರೆದು ಸರ್ವಿಸ್ ಸೆಂಟರಿಗೆ ಕೊಟ್ಟು ಬರುತ್ತೇನೆ. ಕುಡಿಯುವ ನೀರಿನ ಬಾಟಲಿಗೆ ಮಾತ್ರ ಎಂದೂ ತುಂಬುವುದಿಲ್ಲ.