ಸೋಮವಾರದ ವಹಿ

ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ 1973ರಲ್ಲಿ ನಾನು ಒಂಬತ್ತನೆಯ ಇಯತ್ತೆಯ ವಿದ್ಯಾರ್ಥಿ. ನಮ್ಮೂರು ಗದಗ ತಾಲ್ಲೂಕಿನ ಅಂತೂರ ಬೆಂತೂರ. 1997ರವರೆಗೆ ಆ ತಾಲ್ಲೂಕು ಧಾರವಾಡ ಜಿಲ್ಲೆಗೆ ಸೇರಿತ್ತು. ಕಣ್ಣು ಹರಿದಷ್ಟು ದೂರವೂ ಎರೆಭೂಮಿ. ಹತ್ತಿ, ಜೋಳ, ಕಡಲೆಗಳೇ ನಮ್ಮ ಬದುಕು. ನಾವು ಇಂಗ್ಲಿಷ್ ಅಕ್ಷರಗಳ ಮುಖ ಕಂಡುದೇ ಐದನೆಯ ಇಯತ್ತೆಯಲ್ಲಿ.

ನಮ್ಮ ಇಂಗ್ಲಿಷ್ ಗುರುಗಳು ವಾರಕ್ಕೊಂದು ವಿಷಯ ಕೊಡುತ್ತಿದ್ದರು. ಹತ್ತು ವಾಕ್ಯಗಳನ್ನು ಬರೆದು ಸೋಮವಾರ ಮೊದಲನೆಯ ಗಂಟೆಗೆ ವಹಿಯನ್ನು ಮೇಜಿನ ಮೇಲಿಡಬೇಕು. ಆ ಗಡುವು ಮೀರುವಂತಿರಲಿಲ್ಲ.

ಅದು ಹತ್ತಿ ಬಿಡಿಸುವ ಕಾಲ. ಬಿಸಿಲೇರಿದರೆ ಒಣಗಿದ ಎಲೆ ಪುಡಿಯಾಗಿ ಹತ್ತಿಗೆ ಅಂಟುತ್ತದೆ. ಆದ್ದರಿಂದ ನಸುಕಿನಲ್ಲಿಯೇ ಹೊಲದಲ್ಲಿರಬೇಕು. ಹೊಲಕ್ಕೂ ತನ್ನದೇ ಆದ ಗಡುವುಂಟು! ಶನಿವಾರ, ರವಿವಾರ ದುಡಿದು ದಣಿದ ನಾನು ಚಿಮಣಿಯ ಮುಂದೆಯೇ ನಿದ್ದೆಹೋದೆ. ಸೋಮವಾರ ಬೆಳಿಗ್ಗೆ ಗೆಳೆಯನ ವಹಿಯನ್ನು ನೋಡಿ ಅವಸರದಿಂದ ನಕಲು ಮಾಡಿದೆ.

ವಿಷಯ ‘ನನ್ನ ತಂದೆ’. ಗುರುಗಳು ನನ್ನ ವಹಿಯನ್ನೋದಿ ತಲೆಯೆತ್ತಿದರು. “ನಿನ್ನ ತಂದೆ ಕೂರಿಗೆ ಬಿಟ್ಟು ಬಾಚಿ ಹಿಡಿದದ್ದು ಎಂದಿನಿಂದ?” ಎಂದರು. ಗೆಳೆಯನ ತಂದೆ ಬಡಿಗರು. ನಾನು ಅದನ್ನೇ ಬರೆದಿದ್ದೆ. ತರಗತಿಯೆಲ್ಲ ನಕ್ಕಿತು. ನನಗೆ ಮಾತ್ರ ನೆಲ ಬಿರಿಯಬಾರದೇ ಎನಿಸಿತು. ಆ ನಸುಕಿನಲ್ಲಿ ನನ್ನೊಡನೆ ಬಾಗಿ ಹತ್ತಿ ಬಿಡಿಸಿದ ಅಪ್ಪನನ್ನು ಹತ್ತು ವಾಕ್ಯಗಳಿಗಾಗಿ ನಾನು ಮರೆತಿದ್ದೆ!

ಗುರುಗಳು ಬೆತ್ತವೆತ್ತಲಿಲ್ಲ. “ಗುರುವಾರ ಐದೇ ವಾಕ್ಯ ತಾ, ಆದರೆ ನಿನ್ನ ತಂದೆಯವೇ ಆಗಿರಲಿ. ಇನ್ನು ಮುಂದೆ ಆಗದಿದ್ದರೆ ಮೊದಲೇ ಬಂದು ಹೇಳು” ಎಂದರು. ನಾನು ಬರೆದ ಐದು ವಾಕ್ಯಗಳಲ್ಲಿ ಏಳು ತಪ್ಪುಗಳಿದ್ದವು. ‘ಪಿಕ್’ ಎಂಬುದರ ಮುಂದೆ ‘ಎಸ್’ ಇರಲಿಲ್ಲ. ‘ಕಾಟನ್’ ಎಂಬಲ್ಲಿ ಒಂದು ‘ಟಿ’ ಬಿಟ್ಟುಹೋಗಿತ್ತು. ಗುರುಗಳು ಎಲ್ಲವನ್ನೂ ಕೆಂಪು ಮಸಿಯಿಂದ ತಿದ್ದಿ, ಕೆಳಗೆ ‘ಒಳ್ಳೆಯದು’ ಎಂದು ಬರೆದರು. ಆ ತಪ್ಪುಗಳು ನನ್ನವಾಗಿದ್ದುದರಿಂದಲೇ ತಿದ್ದಿದ್ದೂ ನನ್ನದಾಯಿತು. ಮತ್ತೆಂದೂ ಅವನ್ನು ಮರೆಯಲಿಲ್ಲ.

ಮುಂದೆ ನಾನೂ ಶಿಕ್ಷಕನಾದೆ. ಕನ್ನಡ ನನ್ನ ವಿಷಯವಾದರೂ ಕೆಲವು ವರ್ಷ ಇಂಗ್ಲಿಷನ್ನೂ ಕಲಿಸಬೇಕಾಯಿತು. ನಾನೂ ಸೋಮವಾರದ ಗಡುವನ್ನಿಟ್ಟೆ. ಒಂದು ಶನಿವಾರ ಹುಡುಗಿಯೊಬ್ಬಳು ಅಂಜುತ್ತ ಬಂದು, “ಮೆಣಸಿನಕಾಯಿ ಬಿಡಿಸುವ ಕೆಲಸವಿದೆ, ಬುಧವಾರ ತರಲೇ?” ಎಂದು ಕೇಳಿದಳು. ‘ಇಲ್ಲ’ ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಖಾರಕ್ಕೆ ಕೆಂಪಾದ ಅವಳ ಬೆರಳುಗಳನ್ನು ಕಂಡೆ. ನನ್ನ ಗುರುಗಳು ನೆನಪಾದರು. ಒಪ್ಪಿದೆ. ಬುಧವಾರ ಅವಳ ವಹಿ ಎಲ್ಲರಿಗಿಂತ ಮೊದಲು ಮೇಜಿನ ಮೇಲಿತ್ತು.

ವಿದ್ಯಾರ್ಥಿಗಳೇ, ಗಡುವನ್ನು ಪಾಲಿಸುವುದು ಒಳ್ಳೆಯ ಗುಣ. ಪಾಲಿಸಲಾಗದಾಗ ಮುಂಚೆಯೇ ನಿಜ ನುಡಿಯುವುದು ಅದಕ್ಕಿಂತ ಕಡಿಮೆಯದಲ್ಲ. ಆ ಹಳೆಯ ವಹಿ ಇಂದಿಗೂ ನನ್ನ ಬಳಿಯಿದೆ. ಅದರಲ್ಲಿ ನನ್ನ ಅಪ್ಪ ಇದ್ದಾನೆ. ಏಳು ತಪ್ಪುಗಳ ನಡುವೆ, ಎರೆಹೊಲದಲ್ಲಿ ಹತ್ತಿ ಬಿಡಿಸುತ್ತ.