ಅರಿಶಿನ ಕಾಗದ, ಕಪ್ಪು ಗೆರೆ

ನನ್ನ ಸೋದರಮಾವನ ಜವಳಿ ಅಂಗಡಿಯಲ್ಲಿ ಸೀರೆಯ ಚೀಟಿಗೆ ಎರಡು ಬೆಲೆ. ಗಿರಾಕಿಗೆ ಅಂಕಿಯಲ್ಲಿ, ಮಾವನಿಗೆ ಅಕ್ಷರದಲ್ಲಿ. ಹತ್ತು ಬೇರೆ ಬೇರೆ ಅಕ್ಷರಗಳ ಗುಟ್ಟಿನ ಮಾತೊಂದನ್ನು ಹಿಡಿದು, ಒಂದೊಂದಕ್ಕೆ ಒಂದೊಂದು ಅಂಕಿ ಕೊಟ್ಟು ಅಸಲು ಬರೆದಿಡುವುದು ಹಳೆಯ ವ್ಯಾಪಾರಿಗಳ ಪದ್ಧತಿ. ಚೌಕಾಸಿ ಜೋರಾದಾಗ ಮಾವ, "ನಿಮ್ಮ ಮುಖ ನೋಡಿ ಕೊಡ್ತಿದೀನಿ ತಾಯಿ" ಅನ್ನುತ್ತಿದ್ದರು. ನೋಡುತ್ತಿದ್ದದ್ದು ಚೀಟಿಯನ್ನು. ಆ ಗುಟ್ಟಿನ ಮಾತು ಅತ್ತೆಗೂ ಗೊತ್ತಿರಲಿಲ್ಲ.

ದಾಸ್ತಾನಿನ ಲೆಕ್ಕ ಸಿಗುತ್ತಿಲ್ಲವೆಂದು ಮಾವನ ಮಗ ಹಟ ಹಿಡಿದು ಬಾರ್‌ಕೋಡ್ ತರಿಸಿದ. ಕಂಪ್ಯೂಟರ್ ಓದಿದವನೆಂದು ಲೇಬಲ್ಲಿನ ವಿನ್ಯಾಸ ನನ್ನ ತಲೆಗೆ ಬಂತು. ಬಿಸ್ಕತ್ತಿನ ಪೊಟ್ಟಣಕ್ಕೆ ಕಂಪನಿಯೇ ಸಂಖ್ಯೆ ಅಚ್ಚು ಹಾಕಿರುತ್ತದೆ. ಭಾರತದಲ್ಲಿ ನೋಂದಾಯಿಸಿದ್ದಾದರೆ 890ರಿಂದ ಶುರು. ಮಗ್ಗದಿಂದ ಇಳಿದ ಇಳಕಲ್ ಸೀರೆಗೆ ಆ ಭಾಗ್ಯವಿಲ್ಲ. ಹೆಸರಿಡುವುದು ನಾವೇ.

"ಮದುವೆ ಸೀರೆಗೆ ಕಪ್ಪು ಗೆರೆಯೇನೋ? ಕುಂಕುಮದ ಬಣ್ಣ ಹಾಕು" ಎಂದರು ಮಾವ. ಸ್ಕ್ಯಾನರಿನ ಬೆಳಕೇ ಕೆಂಪು, ಬಿಳಿ ಕಾಗದದ ಮೇಲಿನ ಕೆಂಪು ಗೆರೆ ಅದಕ್ಕೆ ಕಾಣದು ಎಂದೆ. ಪುಣ್ಯಕ್ಕೆ ಆ ಬೆಳಕಿಗೆ ಹಳದಿಯೂ ಬಿಳಿಯಂತೆಯೇ. ಅರಿಶಿನ ಬಣ್ಣದ ಕಾಗದ, ಕಪ್ಪು ಗೆರೆ ಎಂದು ರಾಜಿಯಾಯಿತು. ಆಮೇಲೆ ಜಾಗದ ಜಗಳ. ಲೇಬಲ್ಲಿನ ಅಳತೆ 50 ಮಿ.ಮೀ. ಅಗಲ, 25 ಮಿ.ಮೀ. ಎತ್ತರ. ಮಾವನಿಗೆ ಅದರಲ್ಲಿ ಶ್ರೀಕಾರ, ಅಂಗಡಿಯ ಹೆಸರು, ತಾವರೆ ಎಲ್ಲವೂ ಬೇಕು. ಗೆರೆಗಳ ಎರಡು ಬದಿಗೂ ಒಂದಿಷ್ಟು ಖಾಲಿ ಬಿಡಲೇಬೇಕು, ಗೆರೆ ಎಲ್ಲಿ ಶುರು ಎಲ್ಲಿ ಕೊನೆ ಎಂದು ಯಂತ್ರಕ್ಕೆ ತಿಳಿಯುವುದೇ ಅದರಿಂದ. "ಇಷ್ಟು ಜಾಗ ದಂಡ" ಎಂದು ಅವರು ಮರುಗಿದ್ದು, ಮಗಳ ಮದುವೆಯಲ್ಲಿ ಖಾಲಿ ಎಲೆ ಕಂಡವರಂತೆ. ಅಂಟಿನ ವಿಷಯದಲ್ಲಿ ಮಾತ್ರ ಅವರದೇ ಸರಿ: ರೇಷ್ಮೆಗೆ ಕಲೆಯಾದೀತೆಂದು ದಾರ ಕಟ್ಟುವ ಚೀಟಿಯನ್ನೇ ಉಳಿಸಿದೆವು. ಬರೀ ಶಾಖದಿಂದ ಮೂಡುವ ಅಚ್ಚು ದಿನ ಹೋದಂತೆ ಮಾಸುತ್ತದೆ. ಸೀರೆಯೋ ಕಪಾಟಿನಲ್ಲಿ ವರ್ಷಗಟ್ಟಲೆ ಕೂರುತ್ತದೆ. ಅದಕ್ಕೇ ರಿಬ್ಬನ್ನಿನ ಪ್ರಿಂಟರ್.

ಕೊನೆಗೆ ಬಂತು ನಿಜವಾದ ಪ್ರಶ್ನೆ. "ನನ್ನ ಅಕ್ಷರ ಎಲ್ಲಿ?"

"ಅಸಲು ಕಂಪ್ಯೂಟರಲ್ಲಿ ಇರುತ್ತೆ, ಮಾವ."

"ಹಂಗಾದ್ರೆ ಎಲ್ಲರಿಗೂ ಗೊತ್ತಾಯ್ತಲ್ಲ!"

ನಾವು ಬಳಸಿದ ಕೋಡ್ 128ರ ಗೆರೆಗಳಿಗೆ ಕನ್ನಡ ಬಾರದು. ಗೆರೆಗಳ ಕೆಳಗೆ ಅವರ ಅಕ್ಷರಗಳನ್ನು ಬರಿಯ ಬರಹವಾಗಿ ಕೂರಿಸಿದೆ. ಅವರನ್ನು ಒಲಿಸಲು ಚರಿತ್ರೆಯನ್ನೂ ಹೇಳಿದೆ: 1974ರ ಜೂನ್ 26ರಂದು ಅಮೆರಿಕದ ಓಹಾಯೊದ ಟ್ರಾಯ್ ಊರಿನ ಅಂಗಡಿಯಲ್ಲಿ ಮೊದಲು ಸ್ಕ್ಯಾನ್ ಆದದ್ದು ಜ್ಯೂಸಿ ಫ್ರೂಟ್ ಚೂಯಿಂಗ್ ಗಮ್, ಬೆಲೆ 67 ಸೆಂಟ್.

"ಅಸಲೆಷ್ಟು?" ಎಂದರು ಮಾವ. ನನಗೇನು ಗೊತ್ತು. "ನೋಡ್ದಾ, ಅದನ್ನೇ ಬರ್ಕೊಂಡಿಲ್ಲ."

ಮಾವ ಈಗಿಲ್ಲ. ಗುಟ್ಟಿನ ಮಾತೂ ಅವರೊಂದಿಗೆ ಹೋಯಿತು. ಹಳೆಯ ಚೀಟಿಗಳ ಅಸಲು ಯಾರಿಗೂ ಬಗೆಹರಿಯದು. ಮಗ ತನ್ನದೇ ಹೊಸ ಮಾತೊಂದನ್ನು ಹಿಡಿದಿದ್ದಾನೆ, ಹೆಂಡತಿಗೆ ಹೇಳಿಲ್ಲವಂತೆ. ನೀವು ಸೀರೆ ಕೊಳ್ಳಲು ಹೋದಾಗ ಬಾರ್‌ಕೋಡಿನ ಕೆಳಗೆ ಅರ್ಥವಾಗದ ಅಕ್ಷರಗಳು ಕಂಡರೆ ಬಿಲ್ಲಿಗೆ ಅವಸರಪಡಬೇಡಿ, ಇನ್ನೊಂದು ಸಲ ಕೇಳಿ. ಅಲ್ಲಿ ಇನ್ನೂ ಇಳಿಯುವುದಕ್ಕೆ ಜಾಗವಿದೆ.