ಐದು ಇಂಟು ಹತ್ತು ಎಷ್ಟು?

ನನ್ನ ಬೋಧನಾಭ್ಯಾಸಕ್ಕೆ ಸಿಕ್ಕಿದ್ದು ಸಂಡೂರು ತಾಲ್ಲೂಕಿನ ವಡ್ಡು ಗ್ರಾಮದ ಹತ್ತಿರದ ಒಂದು ಇಂಗ್ಲಿಷ್ ಮಾಧ್ಯಮ ಶಾಲೆ. ಏಳನೇ ತರಗತಿಗೆ ಗಣಿತ ಮತ್ತು ವಿಜ್ಞಾನ. ವಡ್ಡು, ತೋರಣಗಲ್ಲು, ಕುರೇಕುಪ್ಪದ ಕಡೆಗೆ ಹೊರಗಿನವರು ಬರುವುದು ಹೊಸದಲ್ಲ. ಉಕ್ಕಿನ ಕಾರ್ಖಾನೆ ಬಂದ ಮೇಲೆ ಒಡಿಶಾ, ಜಾರ್ಖಂಡ್, ಬಿಹಾರ, ಆಂಧ್ರದ ಎಷ್ಟೋ ಕುಟುಂಬಗಳು ಇಲ್ಲಿ ನೆಲೆಸಿವೆ. ಅಮೆರಿಕದವರನ್ನೂ ನಮ್ಮ ಸೀಮೆ ಕಂಡಿದೆ. 1980ರಿಂದ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅಮೆರಿಕದ ಪುರಾತತ್ವಜ್ಞ ಜಾನ್ ಫ್ರಿಟ್ಜ್ ಅವರು ಜಾರ್ಜ್ ಮಿಷೆಲ್ ಅವರೊಂದಿಗೆ ಹಂಪಿಗೆ ಬಂದು, ಬಿಡಾರ ಹೂಡಿ, ವಿಜಯನಗರದ ಅವಶೇಷಗಳನ್ನು ಅಳೆದು ದಾಖಲಿಸಿದರು. ಆದರೆ ಸಂಶೋಧನೆಗೆ ಬಿಡಾರ ಹೂಡುವುದೇ ಬೇರೆ, ಬಾಡಿಗೆ ಮನೆ ಹಿಡಿದು ಮಕ್ಕಳನ್ನು ಶಾಲೆಗೆ ಹಾಕಿ ಸಂಸಾರ ನಡೆಸುವುದೇ ಬೇರೆ.

ನನ್ನ ತರಗತಿಯಲ್ಲಿ ಅಂಥ ಒಂದು ಕುಟುಂಬದ ಹುಡುಗಿ ಇದ್ದಳು. ಹೆಸರು ಬರೆಯುತ್ತಿಲ್ಲ. ತಂದೆ ಹೊಸಪೇಟೆ ಕಡೆಯವರು, ಎಂಜಿನಿಯರ್. ತಾಯಿ ಅಮೆರಿಕದವರು. ಹುಡುಗಿ ಅಲ್ಲೇ ಹುಟ್ಟಿ ಆರನೇ ತರಗತಿಯವರೆಗೆ ಅಲ್ಲೇ ಓದಿದವಳು. ತಾಯಿ ಒಂದು ವರ್ಷದಲ್ಲಿ ಬಹಳ ಕಲಿತಿದ್ದರು. ಒಗೆದು ಹಾಕಿದ ಬಟ್ಟೆಯ ಮೇಲೆ ಅದಿರಿನ ಕೆಂಪು ಧೂಳು ಕೂರುವ ಮೊದಲೇ ತೆಗೆಯುವುದು, ಹಾಲು ಉಕ್ಕದಂತೆ ಕಾಯಿಸುವುದು, ಮಂಡಕ್ಕಿ ಒಗ್ಗರಣೆ ಮಾಡುವುದು ಎಲ್ಲವೂ ಬಂದಿತ್ತು. ಪಕ್ಕದ ಮನೆಯವರು ದಿನಾಲೂ "ಊಟ ಆತೇನ್ರಿ?" ಎಂದು ಕೇಳುವಾಗ ಮೊದಮೊದಲು ತಮ್ಮನ್ನು ಊಟಕ್ಕೆ ಕರೆಯುತ್ತಿದ್ದಾರೆ ಎಂದುಕೊಂಡಿದ್ದರಂತೆ. ಈಗ "ಆತ್ರಿ, ನಿಮ್ದು?" ಎನ್ನುತ್ತಾರೆ.

ಕಷ್ಟವಾಗಿದ್ದು ಮಗಳಿಗೆ. ಅಲ್ಲಿ ಪಿರಿಯಡ್ ಬದಲಾದರೆ ಮಕ್ಕಳೇ ಎದ್ದು ಇನ್ನೊಂದು ಕೋಣೆಗೆ ಹೋಗುತ್ತಿದ್ದರು, ಇಲ್ಲಿ ಶಿಕ್ಷಕರು ಬರುತ್ತಾರೆ, ಮಕ್ಕಳು ಎದ್ದು ನಿಂತು ನಮಸ್ಕಾರ ಹೇಳಬೇಕು. ಇವೆಲ್ಲ ಎರಡು ವಾರದಲ್ಲಿ ರೂಢಿಯಾದವು. ಕನ್ನಡದ ಒತ್ತಕ್ಷರಗಳ ಜೊತೆ ಗುದ್ದಾಡುತ್ತಿದ್ದಳು, ಅದೂ ನಿರೀಕ್ಷಿತವೇ. ಯಾರಿಗೂ ಅರ್ಥವಾಗದಿದ್ದದ್ದು ಗಣಿತದ ಅಂಕಗಳು. ಹೊಸಪೇಟೆಯಿಂದ ಬಂದಿದ್ದ ಅಜ್ಜಿ ಪಾಲಕರ ಸಭೆಯ ದಿನ ನನ್ನ ಕೈ ಹಿಡಿದು, "ಅಲ್ಲಿ ಲೆಕ್ಕದಾಗ ಮುಂದಿತ್ತಮ್ಮಾ ನಮ್ಮ ಕೂಸು. ಇಲ್ಲಿ ಬಂದು ಯಾಕ ಹಿಂಗಾತು?" ಎಂದರು. ಹೀಗೇ ಆದರೆ ತಾಯಿ ಮಕ್ಕಳು ಬೆಂಗಳೂರಿಗೆ ಹೋಗಿ ಅಂತರರಾಷ್ಟ್ರೀಯ ಶಾಲೆಗೆ ಸೇರುವುದು, ತಂದೆ ಒಬ್ಬರೇ ಇಲ್ಲಿ ಇರುವುದು ಎಂಬ ಮಾತು ಮನೆಯಲ್ಲಿ ನಡೆದಿತ್ತು. ಊರು ಸೇರಲೆಂದೇ ಬಂದ ಸಂಸಾರ ಎರಡು ಮನೆಯಾಗುವ ಹಂತದಲ್ಲಿತ್ತು.

ನನ್ನ ಮೂರನೇ ಪಾಠದ ದಿನ ಬಾಯಿಲೆಕ್ಕ ಕೇಳುತ್ತಿದ್ದೆ. "ಫೈವ್ ಇಂಟು ಟೆನ್?" ಅವಳ ಸರದಿ. ಎದ್ದು "ಟೂ" ಎಂದಳು. ತರಗತಿ ನಕ್ಕಿತು. ಹಿಂದಿನಿಂದ ಒಬ್ಬ ಊರ ಹುಡುಗ "ಐದ್ ಹತ್ಲೆ ಐವತ್ತು" ಎಂದು ಮಗ್ಗಿ ಎತ್ತಿದ. ಅವಳನ್ನು ಬೋರ್ಡಿಗೆ ಕರೆದು, ಹೇಗೆ ಬಂತೆಂದು ತೋರಿಸು ಎಂದೆ. ಭಾಗಾಕಾರದ ಗೆರೆ ಎಳೆದು, ಒಳಗೆ 10, ಹೊರಗೆ 5 ಬರೆದು, ಭಾಗಲಬ್ಧ 2ನ್ನು ನಮ್ಮಂತೆ ಬಲಕ್ಕೆ ಬರೆಯದೆ ಗೆರೆಯ ಮೇಲೆ ಬರೆದಳು. ಆಗ ತಿಳಿಯಿತು. ನಮ್ಮಲ್ಲಿ 'ಇಂಟು' ಎಂದರೆ ಗುಣಾಕಾರ. ಅಮೆರಿಕದ ತರಗತಿಯಲ್ಲಿ 'ಫೈವ್ ಇಂಟು ಟೆನ್' ಎಂದರೆ ಹತ್ತರಲ್ಲಿ ಐದು ಎಷ್ಟು ಸಲ ಹೋಗುತ್ತದೆ ಎಂದು. ಅವಳ ಉತ್ತರ ಸರಿ, ಅವಳು ಕೇಳಿಸಿಕೊಂಡ ಪ್ರಶ್ನೆ ಬೇರೆ.

ಮಾರ್ಗದರ್ಶಿ ಶಿಕ್ಷಕರ ಒಪ್ಪಿಗೆ ಪಡೆದು ಅವಳ ಹಳೆಯ ಉತ್ತರ ಪತ್ರಿಕೆಗಳನ್ನು ನೋಡಿದೆ. ಸಂಖ್ಯೆಗಳಲ್ಲಿ ಅಲ್ಪವಿರಾಮ ಹಾಕುವ ಲೆಕ್ಕದಲ್ಲಿ 12,34,567 ಎಂದು ಬರೆಯುವಲ್ಲಿ 1,234,567 ಎಂದು ಬರೆದಿದ್ದಳು. ಲಕ್ಷ ಎಂಬ ಸ್ಥಾನವೇ ಅವಳ ಮನಸ್ಸಿನಲ್ಲಿರಲಿಲ್ಲ, ಹತ್ತು ಲಕ್ಷಕ್ಕೆ ಮಿಲಿಯನ್ ಇತ್ತು. ದಿನಾಂಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಉದ್ದಕ್ಕೆ ಇಂಚು, ಉಷ್ಣತೆಗೆ ಫ್ಯಾರನ್‌ಹೀಟ್. ಅಮೆರಿಕದಲ್ಲಿ 1975ರಲ್ಲಿ ಮೆಟ್ರಿಕ್ ಪದ್ಧತಿಯ ಕಾಯ್ದೆ ಬಂದರೂ ಬದಲಾವಣೆ ಕಡ್ಡಾಯವಾಗಲಿಲ್ಲ. ನಾವು 1956ರ ಕಾಯ್ದೆಯಿಂದ ಅಳತೆ ತೂಕಗಳನ್ನೂ, 1957ರ ಏಪ್ರಿಲ್ 1ರಿಂದ ನಾಣ್ಯಗಳನ್ನೂ ದಶಮಾಂಶಕ್ಕೆ ತಂದುಕೊಂಡೆವು. ಅವಳ ತಪ್ಪುಗಳಲ್ಲಿ ಹೆಚ್ಚಿನವು ಈ ಅಂತರದ ತಪ್ಪುಗಳು.

ಅವಳೊಬ್ಬಳಿಗೇ ಪರಿಹಾರ ಬೋಧನೆ ಮಾಡುವ ಬದಲು 'ನಮ್ಮ ಮನೆಯ ಅಳತೆಗಳು' ಎಂಬ ಚಟುವಟಿಕೆ ಇಡೀ ತರಗತಿಗೆ ಕೊಟ್ಟೆ. ಮನೆಯಲ್ಲಿ ಬಳಸುವ ಅಳತೆಗಳನ್ನು ಕೇಳಿ ಬರೆದು ತರಬೇಕು. ಬಂದ ಪಟ್ಟಿ ನೋಡಿ ನನಗೇ ಆಶ್ಚರ್ಯ. ಜ್ವರ ನೂರಾ ಎರಡು ಎನ್ನುತ್ತಾರೆ ಅಮ್ಮಂದಿರು, ಅದು ಫ್ಯಾರನ್‌ಹೀಟ್. ಸೈಟು 30 x 40, ಅದು ಅಡಿ. ಎತ್ತರ ಐದೂವರೆ ಅಡಿ. ಹೊಲ ಎಕರೆ, ಗುಂಟೆ. ತುಂಗಭದ್ರಾ ಜಲಾಶಯದ ಪೂರ್ಣ ಮಟ್ಟ 1633 ಅಡಿ. ನೀರಿನ ಸಂಗ್ರಹ ಟಿಎಂಸಿ, ಅಂದರೆ ಸಾವಿರ ಮಿಲಿಯನ್ ಘನ ಅಡಿ. ಪುಸ್ತಕದಲ್ಲಿ ಮೆಟ್ರಿಕ್, ಬದುಕಿನಲ್ಲಿ ಎರಡೂ.

ಜಲಾಶಯದ ಸಂಗ್ರಹ ಸಾಮರ್ಥ್ಯ ಮೊದಲು ಸುಮಾರು 133 ಟಿಎಂಸಿ ಇದ್ದದ್ದು ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಒಂದು ಟಿಎಂಸಿ ಎಂದರೆ ಎಷ್ಟು ಲೀಟರ್ ಎಂದು ಕೇಳಿದೆ. ಘನ ಅಡಿಯ ಕಲ್ಪನೆ ಚೆನ್ನಾಗಿದ್ದದ್ದು ಅವಳಿಗೆ, ಕೋಟಿಯ ಕಲ್ಪನೆ ಉಳಿದವರಿಗೆ. ಒಂದು ಘನ ಅಡಿಗೆ ಸುಮಾರು 28.3 ಲೀಟರ್, ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಆದ್ದರಿಂದ ಸುಮಾರು 2,830 ಕೋಟಿ ಲೀಟರ್. ಗುಂಪಿನಲ್ಲಿ ಕೂತು ಮಕ್ಕಳೇ ತೆಗೆದರು. ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದ ದಿನವನ್ನು ಅವಳು 8/10/2024 ಎಂದು ಚಾರ್ಟಿನಲ್ಲಿ ಬರೆದಾಗ ಪಕ್ಕದವಳು "ಅಕ್ಟೋಬರ್ ಅಲ್ಲ, ಆಗಸ್ಟ್" ಎಂದಳು. ಇಬ್ಬರೂ ಹೇಳುತ್ತಿದ್ದದ್ದು ಆಗಸ್ಟ್ 10 ಎಂದು ಗೊತ್ತಾಗಿ ನಕ್ಕರು. ಈ ಸಲ ಅವಳೂ ನಕ್ಕಳು.

ಈ ಲೇಖನ ಬರೆಯಲು ಕಾರಣವಾದದ್ದು ಅದೇ ಚಟುವಟಿಕೆಯ ಇನ್ನೊಂದು ಘಟನೆ. ಕೊನೆಯ ಬೆಂಚಿನಲ್ಲಿ ಒಡಿಶಾದ ಹುಡುಗನೊಬ್ಬ ಕೂರುತ್ತಿದ್ದ. ತಂದೆ ಕ್ರೇನ್ ಆಪರೇಟರ್. ಬಂದು ಎರಡು ವರ್ಷವಾಗಿದ್ದರೂ ತರಗತಿಯಲ್ಲಿ ಮಾತಿಲ್ಲ. ಅವನ ಪಟ್ಟಿಯಲ್ಲಿ '1 ಎಕರೆ = 25 ಗುಂಟೆ' ಎಂದಿತ್ತು. ವಡ್ಡಿನ ರೈತರ ಮಕ್ಕಳು ಒಟ್ಟಾಗಿ "ನಲವತ್ತು!" ಎಂದು ಕೂಗಿದರು. ಅವನು ತಲೆ ತಗ್ಗಿಸಿದ. ಅವನನ್ನೂ ಬೋರ್ಡಿಗೆ ಕರೆದೆ. ಒಡಿಶಾದಲ್ಲಿ ಎಕರೆಗೆ 25 ಗುಂಟೆಯೇ. ಎಕರೆ ಎರಡೂ ಕಡೆ 43,560 ಚದರ ಅಡಿ, 40ರಿಂದ ಭಾಗಿಸಿದರೆ ನಮ್ಮ ಗುಂಟೆ 1,089, 25ರಿಂದ ಭಾಗಿಸಿದರೆ ಅವನ ಗುಂಟೆ 1,742.4 ಚದರ ಅಡಿ. ಭಾಗಾಕಾರವನ್ನು ಅವನೇ ದಶಮಾಂಶದವರೆಗೆ ತಪ್ಪಿಲ್ಲದೆ ಮಾಡಿದ.

ಅಮೆರಿಕದಿಂದ ಬಂದ ಹುಡುಗಿ ಸುಮ್ಮನಿದ್ದಾಗ ಶಾಲೆಯಲ್ಲಿ ನಾವೆಲ್ಲ 'ಹೊಂದಾಣಿಕೆಯ ಸಮಸ್ಯೆ' ಎಂದೆವು, ಅವಳಿಗಾಗಿ ಸಭೆ ಸೇರಿದೆವು. ಒಡಿಶಾದಿಂದ ಬಂದ ಹುಡುಗ ಎರಡು ವರ್ಷ ಸುಮ್ಮನಿದ್ದುದಕ್ಕೆ ದಾಖಲೆಯಲ್ಲಿದ್ದ ಪದ 'ನಿಧಾನ ಕಲಿಕೆ'. ಇಬ್ಬರಿಗೂ ಮಾತು ಕಟ್ಟಿದ್ದು ಒಂದೇ ಕಾರಣಕ್ಕೆ. ಆದರೆ ಅವನ ಅಜ್ಜಿ ಪಾಲಕರ ಸಭೆಗೆ ಬಂದು ಯಾರ ಕೈಯನ್ನೂ ಹಿಡಿಯಲಾರಳು. ತಂದೆಗೆ ಪಾಳಿಯ ಕೆಲಸ, ತಾಯಿಗೆ ನಮ್ಮ ಭಾಷೆ ಬಾರದು.

ಅರ್ಧವಾರ್ಷಿಕ ಪರೀಕ್ಷೆಯವರೆಗಾದರೂ ಇಲ್ಲೇ ಇರುವುದೆಂದು ಆ ಕುಟುಂಬ ತೀರ್ಮಾನಿಸಿತು. ಹುಡುಗನ ವಿಷಯವನ್ನು ಮಾರ್ಗದರ್ಶಿ ಶಿಕ್ಷಕರಿಗೆ ಬರೆದುಕೊಟ್ಟೆ. ಅವರು ಅವನನ್ನು ಎರಡನೇ ಬೆಂಚಿಗೆ ತಂದು, ಅವನ ಬಗ್ಗೆ ಹೊಸದಾಗಿ ನಿದಾನಾತ್ಮಕ ಪರೀಕ್ಷೆ ಮಾಡಲು ಒಪ್ಪಿದರು.

ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳಿಗೆ ಒಂದು ಸಲಹೆ. ಪಾಠಯೋಜನೆಯಲ್ಲಿ 'ಪೂರ್ವಜ್ಞಾನ' ಎಂಬ ಅಂಕಣವನ್ನು ನಾವು "ವಿದ್ಯಾರ್ಥಿಗಳಿಗೆ ಗುಣಾಕಾರ ತಿಳಿದಿದೆ" ಎಂಬ ಒಂದು ಸಾಲಿನಲ್ಲಿ ಮುಗಿಸುತ್ತೇವೆ. ಈ ಭಾಗದ ಶಾಲೆಗಳಿಗೆ ಹೋಗುವವರು ಮೊದಲ ವಾರವೇ ಮೂರು ವಿಷಯ ಕೇಳಿ ಬರೆದುಕೊಳ್ಳಿ: ಮಗು ಈ ಮೊದಲು ಯಾವ ಊರಿನಲ್ಲಿ ಓದಿತ್ತು, ಮನೆಯಲ್ಲಿ ಯಾವ ಭಾಷೆಯಲ್ಲಿ ಎಣಿಸುತ್ತಾರೆ, ಯಾವ ಅಳತೆ ಬಳಸುತ್ತಾರೆ. ಅರ್ಧ ಪಿರಿಯಡ್ ಸಾಕು. ಉತ್ತರ ತಪ್ಪಾಗಿ ಕಂಡಾಗ ಕೆಂಪು ಗೆರೆ ಎಳೆಯುವ ಮೊದಲು "ಹೇಗೆ ಬಂತು, ತೋರಿಸು" ಎಂದು ಬೋರ್ಡಿಗೆ ಕರೆಯಿರಿ, ದೂರದಿಂದ ಬಂದವರನ್ನೂ, ಹತ್ತಿರದಿಂದ ಬಂದವರನ್ನೂ.